ಓದುಗರ ಪ್ರಶ್ನೋತ್ತರ: ಕಚೇರಿಯ ಫೋನ್ ಸಂಖ್ಯೆ ಯಾರ ಸ್ವತ್ತು?

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಚೇರಿಯ ಫೋನು, ವಿಡಿಯೊ ಸಭೆ, ಸಿಬ್ಬಂದಿಯ ನಡುವಿನ ಸಂದೇಶ, ಗ್ರಾಹಕರ ಕರೆಯ ದಾಖಲೆ ಇಷ್ಟನ್ನೂ ಒಂದೇ ಚಂದಾದಡಿ ಕಟ್ಟಿಕೊಡುವ ವ್ಯವಸ್ಥೆಗೆ ಮಾರುಕಟ್ಟೆಯಲ್ಲಿ ಯುನಿಫೈಡ್ ಕಮ್ಯುನಿಕೇಷನ್ಸ್ ಎಂಬ ಹೆಸರಿದೆ. ಏಕೀಕೃತ ಸಂವಹನ ಎಂದರೆ ಕನ್ನಡದಲ್ಲಿ ಒಪ್ಪುತ್ತದೆ. ಅದನ್ನು ಮಾರುವವರು ಈಗ ಜಿಲ್ಲಾ ಕೇಂದ್ರಗಳ ಸಣ್ಣ ವ್ಯಾಪಾರಿಗಳ ಬಾಗಿಲಿಗೂ ಬಂದಿದ್ದಾರೆಂದು ಈ ಪತ್ರಗಳಿಂದ ತಿಳಿಯುತ್ತದೆ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಮೂವತ್ತು ವರ್ಷಗಳ ಸಗಟು ಬಟ್ಟೆ ವ್ಯಾಪಾರ. ಅಂಗಡಿ, ಗೋದಾಮು, ಲೆಕ್ಕದ ಕೋಣೆ ಎಲ್ಲ ಸೇರಿ ಹದಿನಾರು ಎಕ್ಸ್‌ಟೆನ್ಷನ್‌ಗಳ ಇಪಿಎಬಿಎಕ್ಸ್ (ಒಳಗಿನ ಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ) ಇದೆ. ವಾರ್ಷಿಕ ನಿರ್ವಹಣೆ (ಎಎಂಸಿ) ನೋಡಿಕೊಳ್ಳುವವರು ಇನ್ನು ಮುಂದೆ ಬಿಡಿಭಾಗ ಸಿಗುವುದಿಲ್ಲ, ಕ್ಲೌಡ್ ಫೋನಿಗೆ ಬದಲಾಯಿಸಿ ಎನ್ನುತ್ತಿದ್ದಾರೆ. ಪ್ರತಿ ಎಕ್ಸ್‌ಟೆನ್ಷನ್‌ಗೂ ತಿಂಗಳ ಬಾಡಿಗೆ ಎಂದು ಕೊಟೇಶನ್ ಕೊಟ್ಟಿದ್ದಾರೆ. ನಮ್ಮ ಹಳೆಯ ಲ್ಯಾಂಡ್‌ಲೈನ್ ಸಂಖ್ಯೆ ಉಳಿಯುತ್ತದೆಯೇ?
— ಒಬ್ಬ ವರ್ತಕರು, ದಾವಣಗೆರೆ

ಉತ್ತರ: ಬಿಡಿಭಾಗದ ವಿಷಯದಲ್ಲಿ ಅವರು ಹೇಳುತ್ತಿರುವುದನ್ನು ನಂಬಬಹುದು. ನಮ್ಮ ಊರುಗಳ ಅಂಗಡಿ, ಲಾಡ್ಜು, ಆಸ್ಪತ್ರೆಗಳಲ್ಲಿ ಕಾಣಸಿಗುವ ಪೆಟ್ಟಿಗೆಗಳಲ್ಲಿ ಪ್ಯಾನಸೋನಿಕ್‌ನವು ಸಾಕಷ್ಟಿವೆ. ಆ ಕಂಪನಿ ಇಪಿಎಬಿಎಕ್ಸ್ ವ್ಯವಹಾರದಿಂದಲೇ ಹೊರಬರುವ ತೀರ್ಮಾನ ಮಾಡಿ ಕೆಲವು ವರ್ಷಗಳಾದವು. ಆದರೆ ಬಿಡಿಭಾಗ ಸಿಗುವುದಿಲ್ಲ ಎಂಬುದಕ್ಕೂ ಕ್ಲೌಡ್‌ಗೇ ಹೋಗಬೇಕು ಎಂಬುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ನೀವು ಸಾವಧಾನವಾಗಿ ಅಳೆಯಬೇಕೆಂದು ನನ್ನ ಅಪೇಕ್ಷೆ.

ಈಗ ನಿಮ್ಮಲ್ಲಿರುವುದೇನೆಂದು ನೋಡೋಣ. ಗಲ್ಲಾದ ಹಿಂದಿನ ಗೋಡೆಯ ಮೇಲೆ ಒಂದು ಬೂದು ಬಣ್ಣದ ಪೆಟ್ಟಿಗೆ, ಅದರ ಪಕ್ಕದಲ್ಲಿ ತಂತಿಗಳನ್ನು ಒತ್ತಿ ಕೂರಿಸಿದ ಕ್ರೋನ್ ಪಟ್ಟಿ, ಅದರ ಮುಚ್ಚಳದ ಒಳಮೈಗೆ ಯಾರೋ ಪೆನ್ಸಿಲಿನಲ್ಲಿ ‘21 ಗೋದಾಮು, 22 ಲೆಕ್ಕ’ ಎಂದು ಬರೆದು ಅಂಟಿಸಿದ ಚೀಟಿ. ಒಮ್ಮೆ ಹಣ ಕೊಟ್ಟು ಕೊಂಡ ಮೇಲೆ ಇದು ನಿಮ್ಮ ಸ್ವತ್ತು. ಗೋದಾಮಿನವರು ಲೆಕ್ಕದ ಕೋಣೆಗೆ ದಿನಕ್ಕೆ ನೂರು ಸಲ ಮಾತನಾಡಿದರೂ ಯಾರಿಗೂ ಒಂದು ಪೈಸೆ ಕೊಡಬೇಕಿಲ್ಲ. ಕ್ಲೌಡ್ ಫೋನಿನಲ್ಲಿ ಇದೇ ಪೆಟ್ಟಿಗೆಯ ಕೆಲಸವನ್ನು ದೂರದ ಡೇಟಾ ಸೆಂಟರಿನಲ್ಲಿರುವ ಸಾಫ್ಟ್‌ವೇರ್ ಮಾಡುತ್ತದೆ, ಮತ್ತು ನೀವು ಎಕ್ಸ್‌ಟೆನ್ಷನ್ ಒಂದಕ್ಕೆ ಇಷ್ಟು ಎಂದು ತಿಂಗಳು ತಿಂಗಳು ಕೊಡುತ್ತ ಹೋಗುತ್ತೀರಿ. ಇದರಿಂದ ಲಾಭವಿಲ್ಲವೆಂದಲ್ಲ. ನಿಮ್ಮ ಮಾರಾಟದ ಹುಡುಗರು ಚಿತ್ರದುರ್ಗದ ಅಂಗಡಿಯೊಂದರಲ್ಲಿ ಕುಳಿತಿದ್ದಾಗಲೂ ಅಂಗಡಿಯ ಸಂಖ್ಯೆಯಿಂದಲೇ ಮಾತನಾಡಬಹುದು, ತಪ್ಪಿದ ಕರೆಗಳ ಪಟ್ಟಿ ಸಂಜೆ ನಿಮ್ಮ ಕೈಗೆ ಬರುತ್ತದೆ, ಹಬ್ಬದ ಸಮಯದಲ್ಲಿ ನಾಲ್ಕು ಎಕ್ಸ್‌ಟೆನ್ಷನ್ ಹೆಚ್ಚಿಸಿಕೊಂಡು ಆಮೇಲೆ ಇಳಿಸಿಕೊಳ್ಳಬಹುದು. ಆದರೆ ದಿನಕ್ಕೆ ಮೂರು ಕರೆ ಬರುವ ಗೋದಾಮಿನ ಫೋನಿಗೂ, ದಿನವಿಡೀ ಆರ್ಡರ್ ಬರೆದುಕೊಳ್ಳುವ ಕೌಂಟರಿನ ಫೋನಿಗೂ ಒಂದೇ ಬಾಡಿಗೆ ಕೊಡುವುದರಲ್ಲಿ ನ್ಯಾಯವಿಲ್ಲ. ಹದಿನಾರರಲ್ಲಿ ನಿಜವಾಗಿ ಹೊರಗಿನ ಕರೆ ಸ್ವೀಕರಿಸುವ ಎಕ್ಸ್‌ಟೆನ್ಷನ್‌ಗಳು ಎಷ್ಟೆಂದು ಒಂದು ವಾರ ಗಮನಿಸಿ. ನನ್ನ ಅನುಭವದಲ್ಲಿ ಆ ಲೆಕ್ಕ ಐದಾರನ್ನು ದಾಟುವುದು ಅಪರೂಪ.

ನಡುವಿನ ದಾರಿಯೊಂದಿದೆ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ಇಟ್ಟುಕೊಂಡು, ಹಳೆಯದರ ಬದಲು ಇಂಟರ್‌ನೆಟ್ ತಂತ್ರದಲ್ಲಿ ನಡೆಯುವ ಐಪಿ ಪಿಬಿಎಕ್ಸ್ ಹಾಕಿಸುವುದು. ವಡೋದರದ ಮ್ಯಾಟ್ರಿಕ್ಸ್‌ನಂಥ ಭಾರತೀಯ ತಯಾರಕರು ಹಳೆಯ ತಂತಿಯ ಫೋನುಗಳನ್ನೂ ಹೊಸ ಐಪಿ ಫೋನುಗಳನ್ನೂ ಒಟ್ಟಿಗೆ ನಡೆಸುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ ಬಲ್ಲ ಹುಡುಗರು ನಿಮ್ಮ ಊರಿನಲ್ಲಿದ್ದರೆ ಒಂದು ಸಾಧಾರಣ ಕಂಪ್ಯೂಟರಿನಲ್ಲೇ ಈ ಕೆಲಸ ಮಾಡಿಸಬಹುದು. ಆದರೆ ಆ ಹುಡುಗ ಊರು ಬಿಟ್ಟರೆ ನೋಡಿಕೊಳ್ಳುವವರು ಯಾರು ಎಂಬುದನ್ನೂ ಮೊದಲೇ ಯೋಚಿಸಿ.

ಇನ್ನು ಸಂಖ್ಯೆ. ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿರುವ ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಭಾರತದಲ್ಲಿ ಮೊಬೈಲ್ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಹಕ್ಕು ಇದೆ. ಲ್ಯಾಂಡ್‌ಲೈನ್ ಸಂಖ್ಯೆಗೆ ಆ ಹಕ್ಕು ಇಲ್ಲ. 08192 ಕೋಡಿನ ನಿಮ್ಮ ಸಂಖ್ಯೆ ಯಾವ ಕಂಪನಿಯದೋ ಅದರಲ್ಲೇ ಉಳಿಯಬೇಕು. ಹಾಗಾಗಿ ಕ್ಲೌಡ್ ಮಾರುವವರೊಡನೆ ಮಾತು ಮುಂದುವರಿಸುವ ಮೊದಲು, ಈಗ ಲೈನ್ ಕೊಟ್ಟಿರುವ ಕಂಪನಿಗೇ ಹೋಗಿ, ಇದೇ ಸಂಖ್ಯೆಯನ್ನು ಫೈಬರ್ ಮೇಲೆ ಅಥವಾ ಸಿಪ್ ಟ್ರಂಕ್ (ಇಂಟರ್‌ನೆಟ್ ತಂತ್ರದ ಫೋನ್ ಲೈನು) ಮೇಲೆ ಕೊಡುವಿರಾ ಎಂದು ಬರವಣಿಗೆಯಲ್ಲಿ ಕೇಳಿ. ಕೊಡುತ್ತಾರಾದರೆ ಹೊಸ ಪೆಟ್ಟಿಗೆಗೆ ಅದನ್ನೇ ಜೋಡಿಸಿ. ಕೊಡಲಾಗುವುದಿಲ್ಲವೆಂದರೆ, ಹಳೆಯ ಲೈನನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಂಡು ಅಲ್ಲಿಗೆ ಬರುವ ಕರೆಗಳನ್ನು ಹೊಸ ಸಂಖ್ಯೆಗೆ ತಿರುಗಿಸಿ. ಮೂವತ್ತು ವರ್ಷಗಳಿಂದ ಬಿಲ್ ಪುಸ್ತಕದ ತಲೆಯ ಮೇಲೆ, ಕೈಚೀಲದ ಮೇಲೆ, ಹರಿಹರ, ರಾಣೆಬೆನ್ನೂರಿನ ವ್ಯಾಪಾರಿಗಳ ಡೈರಿಗಳಲ್ಲಿ ಕುಳಿತಿರುವ ಸಂಖ್ಯೆಯದು.

ಫೈಬರ್‌ಗೆ ಹೋದಾಗ ಬಹಳ ಜನ ಮರೆಯುವ ಸಂಗತಿ ವಿದ್ಯುತ್ತಿನದು. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು, ಆದ್ದರಿಂದ ಊರಿನಲ್ಲಿ ಕರೆಂಟ್ ಹೋದರೂ ಫೋನ್ ಸಾಯುತ್ತಿರಲಿಲ್ಲ. ಫೈಬರ್ ಬೆಳಕನ್ನು ಒಯ್ಯುತ್ತದೆಯೇ ಹೊರತು ಫೋನ್ ನಡೆಸುವ ವಿದ್ಯುತ್ತನ್ನಲ್ಲ. ಕಳೆದ ಮಳೆಗಾಲದಲ್ಲಿ ಮಲೆನಾಡಿನ ಅಡಿಕೆ ಮಂಡಿಯೊಂದರಲ್ಲಿ ನಾನು ಕುಳಿತಿದ್ದಾಗ ಕರೆಂಟ್ ಹೋಯಿತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ತೂಕದ ಯಂತ್ರಕ್ಕೂ ಇತ್ತು. ಫೈಬರ್ ಪೆಟ್ಟಿಗೆಯ ವೈರು ಮಾತ್ರ ಮಾಮೂಲಿ ಪ್ಲಗ್ಗಿಗೆ ಚುಚ್ಚಿತ್ತು. ಹೊಸದಾಗಿ ಹಾಕಿಸಿದ್ದ ಎಂಟು ಫೋನುಗಳೂ ಎರಡೂವರೆ ಗಂಟೆ ಮೌನವಾಗಿದ್ದವು. ಅದು ಧಾರಣೆ ಏರಿಳಿಯುತ್ತಿದ್ದ ದಿನ. 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ, ನಮ್ಮ ಸೆಕೆ ಮತ್ತು ಧೂಳಿನ ನಡುವೆಯೇ ನಡೆಯಬೇಕೆಂದು ಅದನ್ನು ರೂಪಿಸಿದ್ದರು. ಆ ಎಚ್ಚರವನ್ನು ಈಗ ಕಂಪನಿಗಳು ವಹಿಸುವುದಿಲ್ಲವಾದ್ದರಿಂದ ನೀವೇ ವಹಿಸಬೇಕು: ಫೈಬರ್ ಪೆಟ್ಟಿಗೆ, ರೌಟರ್, ಫೋನುಗಳಿಗೆ ವಿದ್ಯುತ್ ಕೊಡುವ ಸ್ವಿಚ್ ಈ ಮೂರನ್ನೂ ಯುಪಿಎಸ್ಸಿಗೆ ಸೇರಿಸದೆ ಕೆಲಸ ಮುಗಿಯಿತೆಂದು ಸಹಿ ಹಾಕಬೇಡಿ.

ಇಂಟರ್‌ನೆಟ್ ವೇಗದ ಚಿಂತೆ ಬೇಡ. ಒಂದು ಕರೆಗೆ ಹೆಚ್ಚೆಂದರೆ 100 ಕಿಲೋಬಿಟ್ ಸಾಕು, ಆರು ಕರೆ ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್ ಆಗುವುದಿಲ್ಲ. ಮಾತು ತಡವಾಗಿ ತಲುಪುವುದೇ ನಿಜವಾದ ತೊಂದರೆ. ಒಂದು ಕಡೆಯಿಂದ ಹೊರಟ ದನಿ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ತಲುಪಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತನಾಡಲು ಶುರುಮಾಡುತ್ತಾರೆ. ಹಣ ಕೊಡುವ ಮೊದಲು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ, ಅಂಗಡಿಯ ಗಡಿಬಿಡಿಯಲ್ಲೇ, ಒಂದು ವಾರ ಪ್ರಯೋಗ ಮಾಡಿಸಿ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನಲ್ಲಿ ವಿದೇಶಿ ಕಂಪನಿಯೊಂದರ ದೊಡ್ಡ ಇಪಿಎಬಿಎಕ್ಸ್ ಇದೆ. ಆ ಕಂಪನಿ ದಿವಾಳಿಯಾಗಿದೆ, ಬೇಗ ಬದಲಾಯಿಸಿ ಎಂದು ಬೇರೆಯವರು ಹೆದರಿಸುತ್ತಿದ್ದಾರೆ. ಇಂಥ ದೊಡ್ಡ ಕಂಪನಿಗಳು ಏಕೆ ಹೀಗಾಗುತ್ತಿವೆ?
— ಆಡಳಿತಾಧಿಕಾರಿ, ಮೈಸೂರು

ಉತ್ತರ: ಹೆದರಿ ನಿರ್ಧಾರ ತೆಗೆದುಕೊಳ್ಳಬೇಡಿ. ನೀವು ಕಂಪನಿಯ ಹೆಸರು ಬರೆದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ರಕ್ಷಣೆ ಕೋರಿದ ದೊಡ್ಡ ಫೋನ್ ಕಂಪನಿಗಳೆಂದರೆ ಅವಾಯಾ ಮತ್ತು ಮೈಟೆಲ್. ಅವಾಯಾ 2017ರ ಜನವರಿಯಲ್ಲಿ ಒಮ್ಮೆ, 2023ರ ಫೆಬ್ರವರಿಯಲ್ಲಿ ಮತ್ತೊಮ್ಮೆ. ಮೈಟೆಲ್ 2025ರ ಮಾರ್ಚ್‌ನಲ್ಲಿ. ಅಲ್ಲಿನ ಕಾನೂನಿನ ಪ್ರಕಾರ ಇದು ಕಂಪನಿಗೆ ಬೀಗ ಹಾಕುವ ಕ್ರಮವಲ್ಲ. ಸಾಲ ಕೊಟ್ಟವರೊಡನೆ ಹೊಸ ಒಪ್ಪಂದ ಮಾಡಿಕೊಂಡು ವ್ಯವಹಾರ ಮುಂದುವರಿಸುವ ದಾರಿ. ಎರಡೂ ಕಂಪನಿಗಳು ಅದರಿಂದ ಹೊರಬಂದು ನಡೆಯುತ್ತಿವೆ.

ಕಾರಣ ತಿಳಿಯಲು ಈ ಕಂಪನಿಗಳ ವಂಶಾವಳಿ ನೋಡಬೇಕು. ಅಮೆರಿಕದ ಫೋನ್ ಉಪಕರಣ ಕಂಪನಿ ಲೂಸೆಂಟ್‌ನಿಂದ 2000ರಲ್ಲಿ ಬೇರೆಯಾಗಿ ಹುಟ್ಟಿದ ಅವಾಯಾ, ಕೆನಡಾದ ನಾರ್ಟೆಲ್ 2009ರಲ್ಲಿ ಮುಳುಗಿದಾಗ ಅದರ ಕಚೇರಿ ಫೋನ್ ವಿಭಾಗವನ್ನು ಕೊಂಡಿತು. ಸೀಮೆನ್ಸ್‌ನ ಫೋನ್ ವಿಭಾಗ ಯುನಿಫೈ ಎಂದು ಹೆಸರು ಬದಲಿಸಿ, ಫ್ರಾನ್ಸ್‌ನ ಅಟೋಸ್ ಕೈಗೆ ಹೋಗಿ, 2023ರಲ್ಲಿ ಮೈಟೆಲ್ ಮಡಿಲಿಗೆ ಬಂತು. ಹೀಗೆ ಹಳೆಯ ಗ್ರಾಹಕರನ್ನು ಒಟ್ಟುಗೂಡಿಸಲು ಕಂಪನಿಗಳು ಸಾಲ ಮಾಡಿದವು. ಆ ಸಾಲ ತೀರಿಸುವ ಹೊತ್ತಿಗೆ ಮಾರುಕಟ್ಟೆ ಬಾಡಿಗೆಯ ಕಡೆಗೆ ತಿರುಗಿತ್ತು. ಪೆಟ್ಟಿಗೆ ಮಾರಿದಾಗ ಇಡೀ ಹಣ ಒಂದೇ ಸಲ ಕೈಸೇರುತ್ತಿತ್ತು. ಚಂದಾ ವ್ಯವಸ್ಥೆಯಲ್ಲಿ ಅದೇ ಹಣ ಐದು ವರ್ಷಗಳ ಕಾಲ ಹನಿಹನಿಯಾಗಿ ಬರುತ್ತದೆ. ಬಡ್ಡಿ ಮಾತ್ರ ಹನಿಹನಿಯಾಗಿ ಹೋಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇವುಗಳ ತಂತ್ರಜ್ಞಾನದಲ್ಲಿ ಅಂಥ ದೋಷವೇನೂ ಇರಲಿಲ್ಲ. ಹಣ ಬರುವ ಲಯ ಬದಲಾದುದೇ ಪೆಟ್ಟಾಯಿತು.

ಆಸ್ಪತ್ರೆಗೆ ಇಂದಿಗೂ ಸ್ಥಳೀಯ ಪೆಟ್ಟಿಗೆ ಬೇಕು ಎಂಬುದು ನನ್ನ ದೃಢವಾದ ನಿಲುವು. ಹೆರಿಗೆ ಕೋಣೆಯಿಂದ ರಕ್ತನಿಧಿಗೆ ಹೋಗುವ ಕರೆ ಇಂಟರ್‌ನೆಟ್ಟಿನ ಮರ್ಜಿ ಕಾಯುವಂತಾಗಬಾರದು. ಹೊರರೋಗಿಗಳ ಅಪಾಯಿಂಟ್‌ಮೆಂಟ್ ಕರೆಗಳನ್ನು ಬೇಕಾದರೆ ಕ್ಲೌಡ್‌ಗೆ ಕೊಡಿ. ಅಲ್ಲಿ ಸರದಿ, ಐವಿಆರ್ (‘ಒಂದನ್ನು ಒತ್ತಿ’ ಎನ್ನುವ ದಾಖಲಿತ ದನಿ), ತಪ್ಪಿದ ಕರೆಯ ಪಟ್ಟಿ ಎಲ್ಲ ಉಪಯೋಗಕ್ಕೆ ಬರುತ್ತವೆ. ನಿಮ್ಮಲ್ಲಿರುವ ಮಾದರಿಗೆ ಬಿಡಿಭಾಗವನ್ನೂ ಸಾಫ್ಟ್‌ವೇರ್ ಭದ್ರತಾ ಪರಿಷ್ಕರಣೆಯನ್ನೂ ಯಾವ ದಿನಾಂಕದವರೆಗೆ ಕೊಡುತ್ತೀರಿ ಎಂದು ಕಂಪನಿಯ ಅಧಿಕೃತ ಪ್ರತಿನಿಧಿಯಿಂದ ಪತ್ರ ಪಡೆಯಿರಿ. ಆ ದಿನಾಂಕಕ್ಕೆ ಒಂದೂವರೆ ವರ್ಷ ಮೊದಲು ಬದಲಾವಣೆಯ ಕೆಲಸ ಆರಂಭಿಸಿದರೆ ಸಾಕು.

ಪ್ರಶ್ನೆ: ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರ ನಮ್ಮದು. ಎಂಟು ವರ್ಷ ನಮ್ಮಲ್ಲಿದ್ದ ಹುಡುಗ ತನ್ನ ಸಿಮ್‌ನಲ್ಲೇ ಅಂಗಡಿಯ ವಾಟ್ಸ್‌ಆ್ಯಪ್ ನಡೆಸುತ್ತಿದ್ದ. ಈಗ ಕೆಲಸ ಬಿಟ್ಟು ಎದುರಿನ ಅಂಗಡಿ ಸೇರಿದ್ದಾನೆ. ರೈತರೆಲ್ಲ ಅದೇ ಸಂಖ್ಯೆಗೆ ಫೋಟೊ ಕಳಿಸುತ್ತಿದ್ದಾರೆ. ಏನು ಮಾಡಬೇಕು?
— ಅಂಗಡಿ ಮಾಲೀಕರು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಬೇಸರವಾಯಿತು. ಇಂಥದೇ ಪತ್ರಗಳು ಈ ವರ್ಷ ಇನ್ನೂ ಎರಡು ಬಂದಿವೆ. ಮುರಿದ ಗೇರಿನ ಫೋಟೊ ತೆಗೆದು ‘ಅಣ್ಣಾ, ಇದು ಐತೇನು?’ ಎಂದು ಕಳಿಸುವ ರೈತನಿಗೆ ಆ ಸಂಖ್ಯೆಯೇ ನಿಮ್ಮ ಅಂಗಡಿ. ಸಿಮ್ ಆ ಹುಡುಗನ ಹೆಸರಿನಲ್ಲಿರುವವರೆಗೆ ಆ ಸಂಖ್ಯೆಯನ್ನು ನಿಮ್ಮದೆಂದು ಕೇಳಲು ದಾರಿಯಿಲ್ಲ. ಅವನು ಒಪ್ಪಿದರೆ ಸೇವಾದಾರ ಕಂಪನಿಯ ಕಚೇರಿಯಲ್ಲಿ ಇಬ್ಬರೂ ಕುಳಿತು ಸಂಖ್ಯೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು. ನಾಲ್ಕು ಜನ ಹಿರಿಯರನ್ನು ಮುಂದಿಟ್ಟುಕೊಂಡು ಒಂದು ಗೌರವಧನಕ್ಕೆ ಒಪ್ಪಿಸಲು ಪ್ರಯತ್ನಿಸಿ. ಒಪ್ಪದಿದ್ದರೆ ಹಳೆಯ ಬಿಲ್ಲುಗಳಿಂದ ರೈತರ ಸಂಖ್ಯೆಗಳನ್ನು ಹೆಕ್ಕಿ, ಹೊಸ ಸಂಖ್ಯೆಯನ್ನು ಒಬ್ಬೊಬ್ಬರಿಗೂ ಕರೆಮಾಡಿ ತಿಳಿಸುವುದೊಂದೇ ದಾರಿ. ನಿಧಾನದ ಕೆಲಸ, ಆದರೆ ಬಿತ್ತನೆಗೆ ಮೊದಲು ಮಾಡಿ ಮುಗಿಸಬಹುದು.

ಹೊಸ ಸಿಮ್ಮನ್ನು ನಿಮ್ಮ ಹೆಸರಿನಲ್ಲಿ ಅಥವಾ ಸಂಸ್ಥೆಯ ಹೆಸರಿನಲ್ಲಿ ಕೊಂಡು, ಅಂಗಡಿಯಲ್ಲೇ ಇರುವ ಫೋನಿನಲ್ಲಿಡಿ. ಸಂದೇಶ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನಲ್ಲಿದ್ದರೆ ಮಾತ್ರ ಕೆಲಸ ಮಾಡಬೇಕು, ಕಂಪ್ಯೂಟರಿನಲ್ಲಿ ತೆರೆದದ್ದು ಆರು ಗಂಟೆಗೊಮ್ಮೆ ಲಾಗೌಟ್ ಆಗಬೇಕು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ ಕೊನೆಯಲ್ಲಿ ನಿರ್ದೇಶನ ಹೊರಡಿಸಿತು. ಸರ್ಕಾರದ ಒಲವು ಯಾವ ಕಡೆಗಿದೆ ಎಂಬುದಕ್ಕೆ ಇದೇ ಸಾಕ್ಷಿ, ಹಾಗಾಗಿ ಸಿಮ್ ಒಂದು ಕಡೆ, ಆ್ಯಪ್ ಇನ್ನೊಂದು ಕಡೆ ಎಂಬ ವ್ಯವಸ್ಥೆಯನ್ನು ನಂಬಿ ಅಂಗಡಿ ಕಟ್ಟಬೇಡಿ.

ದಿನಕ್ಕೆ ಐವತ್ತು, ಅರವತ್ತು ಸಂದೇಶಗಳಿದ್ದರೆ ಉಚಿತ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸಾಕು. ಅದಕ್ಕೆ ಮೀರಿ, ಮೂರು ಶಾಖೆಗಳವರು ಒಂದೇ ಸಂಖ್ಯೆಯಿಂದ ಉತ್ತರಿಸಬೇಕಾದಾಗ ಎಪಿಐ, ಅಂದರೆ ವಾಟ್ಸ್‌ಆ್ಯಪನ್ನು ಬೇರೆ ಸಾಫ್ಟ್‌ವೇರಿಗೆ ಜೋಡಿಸುವ ಸೇವೆ, ಬೇಕಾಗುತ್ತದೆ. ಅಲ್ಲಿ 2025ರ ಜುಲೈ 1ರಿಂದ ಸಂಭಾಷಣೆಗೆ ಇಷ್ಟು ಎಂಬ ದರ ಹೋಗಿ ಸಂದೇಶಕ್ಕೆ ಇಷ್ಟು ಎಂಬ ದರ ಬಂದಿದೆ. ಗ್ರಾಹಕರು ತಾವಾಗಿ ಬರೆದಾಗ 24 ಗಂಟೆಯೊಳಗೆ ಕೊಡುವ ಉತ್ತರಕ್ಕೆ ವಾಟ್ಸ್‌ಆ್ಯಪ್‌ನ ಒಡೆಯ ಕಂಪನಿ ಮೆಟಾ ಹಣ ಕೇಳುವುದಿಲ್ಲ. ನೀವಾಗಿ ಕಳಿಸುವ ಜಾಹೀರಾತು ಸಂದೇಶಕ್ಕೆ ಕೇಳುತ್ತದೆ. ಫೋಟೊ ನೋಡಿ ‘ಇದೆ, ಬನ್ನಿ’ ಎನ್ನುವ ನಿಮ್ಮಂಥ ವ್ಯಾಪಾರಕ್ಕೆ ಇದು ಅನುಕೂಲವಾದ ದರ. ಎಪಿಐ ಮಾರುವ ಮಧ್ಯವರ್ತಿ ಕಂಪನಿಯ ಖಾತೆಯಲ್ಲಿ ನಿಮ್ಮ ಸಂಖ್ಯೆಯನ್ನು ನೋಂದಾಯಿಸಲು ಬಿಡದೆ, ನಿಮ್ಮದೇ ಬಿಸಿನೆಸ್ ಖಾತೆ ತೆರೆಸಿಕೊಳ್ಳಿ. ಹುಡುಗನ ಕೈಯಿಂದ ಬಿಡಿಸಿಕೊಂಡದ್ದನ್ನು ಕಂಪನಿಯ ಕೈಗೆ ಕೊಟ್ಟಂತಾಗಬಾರದು.

ಪ್ರಶ್ನೆ: ಅರವತ್ತು ಜನರ ನಮ್ಮ ಕಂಪನಿಯಲ್ಲಿ ಸಭೆ, ಸಂದೇಶಗಳಿಗೆಂದು ಟೀಮ್ಸ್, ಝೂಮ್, ಸ್ಲ್ಯಾಕ್ ಮೂರಕ್ಕೂ ಹಣ ಕಟ್ಟುತ್ತಿದ್ದೇವೆ. ಒಂದನ್ನೇ ಉಳಿಸಿಕೊಳ್ಳಬಹುದೇ? ಮಾರುಕಟ್ಟೆ ಯಾವ ಕಡೆ ಹೋಗುತ್ತಿದೆ?
— ಹಣಕಾಸು ವಿಭಾಗದ ಮುಖ್ಯಸ್ಥೆ, ಬೆಂಗಳೂರು

ಉತ್ತರ: ಖಂಡಿತ ಉಳಿಸಿಕೊಳ್ಳಬಹುದು. 2020ರ ಲಾಕ್‌ಡೌನ್ ಕಾಲದಲ್ಲಿ ಪ್ರತಿ ವಿಭಾಗವೂ ತನಗೆ ತೋಚಿದ್ದನ್ನು ಕೊಂಡಿತು, ಆಮೇಲೆ ಯಾರೂ ನಿಲ್ಲಿಸಲಿಲ್ಲ. ಬಹಳ ಕಂಪನಿಗಳ ಕಥೆ ಇದೇ. ಝೂಮ್ ಸಭೆಗಳಲ್ಲಿ ದಿನವೊಂದಕ್ಕೆ ಭಾಗವಹಿಸುವವರ ಲೆಕ್ಕ 2019ರ ಡಿಸೆಂಬರ್‌ನಲ್ಲಿ 1 ಕೋಟಿ ಇದ್ದದ್ದು 2020ರ ಏಪ್ರಿಲ್ ಹೊತ್ತಿಗೆ 30 ಕೋಟಿಗೆ ಏರಿತ್ತು. ಆ ಭರಾಟೆ ಇಳಿದ ಮೇಲೆ ಸಭೆಯೊಂದನ್ನೇ ಮಾರಿ ಬದುಕುವುದು ಕಷ್ಟವೆಂದು ಎಲ್ಲರಿಗೂ ಅರಿವಾಯಿತು. ಝೂಮ್ ತನ್ನ ಹೆಸರಿನಿಂದ ‘ವಿಡಿಯೊ’ ಪದವನ್ನೇ 2024ರಲ್ಲಿ ತೆಗೆದುಹಾಕಿ ಝೂಮ್ ಕಮ್ಯುನಿಕೇಷನ್ಸ್ ಆಯಿತು. ಸೇಲ್ಸ್‌ಫೋರ್ಸ್ ಸುಮಾರು 2,770 ಕೋಟಿ ಡಾಲರ್ ಕೊಟ್ಟು ಸ್ಲ್ಯಾಕನ್ನು 2021ರಲ್ಲಿ ತನ್ನದಾಗಿಸಿಕೊಂಡಿತು. 2011ರಲ್ಲಿ 850 ಕೋಟಿ ಡಾಲರಿಗೆ ಮೈಕ್ರೋಸಾಫ್ಟ್ ಕೊಂಡಿದ್ದ ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ವಿದೇಶದಲ್ಲಿರುವ ಮಕ್ಕಳ ಮುಖವನ್ನು ನಮ್ಮ ಎಷ್ಟೋ ಮನೆಗಳ ಹಿರಿಯರು ಮೊದಲ ಬಾರಿಗೆ ಪರದೆಯ ಮೇಲೆ ಕಂಡದ್ದು ಅದರಲ್ಲಿ.

ಟೀಮ್ಸ್ ವಿಷಯದಲ್ಲಿ ನೀವು ಗಮನಿಸಬೇಕಾದ ಬದಲಾವಣೆಯೊಂದಿದೆ. ಮೈಕ್ರೋಸಾಫ್ಟ್ ತನ್ನ ಆಫೀಸ್ ಚಂದಾದ ಜೊತೆ ಟೀಮ್ಸನ್ನು ಕಟ್ಟಿ ಕೊಡುವುದರ ವಿರುದ್ಧ ಸ್ಲ್ಯಾಕ್ 2020ರಲ್ಲಿ ಐರೋಪ್ಯ ಆಯೋಗಕ್ಕೆ ದೂರು ಕೊಟ್ಟಿತ್ತು. 2024ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಎಲ್ಲ ದೇಶಗಳಲ್ಲೂ ಎರಡನ್ನು ಬಿಡಿಸಿ ಮಾರಲು ಆರಂಭಿಸಿತು, 2025ರ ಸೆಪ್ಟೆಂಬರ್‌ನಲ್ಲಿ ಆಯೋಗ ಅದರ ವಚನಗಳನ್ನು ಕಾನೂನುಬದ್ಧವಾಗಿಸಿತು. ಹಾಗಾಗಿ ನವೀಕರಣದ ಸಮಯದಲ್ಲಿ ಟೀಮ್ಸ್ ಇಲ್ಲದ ಚಂದಾದ ದರವನ್ನೂ ಕೇಳಿ ಪಡೆಯಿರಿ. ಚೆನ್ನೈ ಮೂಲದ ಝೋಹೊ ಸಂಸ್ಥೆಯ ಕ್ಲಿಕ್ ಎಂಬ ಸಂದೇಶ ಆ್ಯಪ್ ಕೂಡ ನಿಮ್ಮ ಗಾತ್ರದ ಕಂಪನಿ ಪರೀಕ್ಷಿಸಿ ನೋಡಬೇಕಾದದ್ದು. ಯಾವುದನ್ನು ಉಳಿಸಬೇಕೆಂಬುದಕ್ಕೆ ನನ್ನ ಅಳತೆ ಸರಳ: ನಿಮ್ಮ ಗ್ರಾಹಕರು ಯಾವುದರಲ್ಲಿ ಸಭೆ ಕರೆಯುತ್ತಾರೆ, ಐದು ವರ್ಷಗಳ ಹಳೆಯ ಸಂದೇಶಗಳನ್ನು ಯಾವುದರಿಂದ ಸುಲಭವಾಗಿ ಹೊರತೆಗೆಯಬಹುದು ಎಂಬೆರಡನ್ನು ನೋಡಿ. ಎರಡನೆಯದನ್ನು ಚಂದಾ ನಿಲ್ಲಿಸುವ ಮೊದಲೇ ಮಾಡಿ ಮುಗಿಸಬೇಕು.

ಇವುಗಳಿಂದಲೇ ಹೊರಗಿನ ಫೋನುಗಳಿಗೆ ಕರೆಮಾಡುವ ಸೌಲಭ್ಯ ನಮ್ಮಲ್ಲಿ ತಡವಾಗಿ ಬಂದದ್ದು ನಮ್ಮ ದೂರಸಂಪರ್ಕ ನಿಯಮಗಳಿಂದ. ಭಾರತದ ಸಂಖ್ಯೆಗೆ ಹೋಗುವ ಕರೆ ಪರವಾನಗಿ ಇರುವ ಕಂಪನಿಯ ಮೂಲಕವೇ ಹೋಗಬೇಕು. ಝೂಮ್ 2023ರಲ್ಲಿ ಪರವಾನಗಿ ಪಡೆದು, 2024ರಲ್ಲಿ ಮಹಾರಾಷ್ಟ್ರದಿಂದ ತನ್ನ ಫೋನ್ ಸೇವೆ ಆರಂಭಿಸಿತು. ಟೀಮ್ಸ್ ಇಲ್ಲಿನ ಪರವಾನಗಿದಾರ ಕಂಪನಿಗಳ ಲೈನುಗಳನ್ನು ಬಳಸುತ್ತದೆ. ಅತಿ ಅಗ್ಗದ ದರ ಹೇಳಿ ಬರುವವರ ಪರವಾನಗಿ ಪತ್ರ ಕೇಳಿ. ರಾಶಿ ಸಿಮ್‌ಗಳನ್ನು ತುಂಬಿದ ಸಿಮ್ ಬಾಕ್ಸ್ ಇಟ್ಟು ಕರೆ ತಿರುಗಿಸುವುದು ಅಪರಾಧ, ಅದರ ತನಿಖೆ ಗ್ರಾಹಕ ಕಂಪನಿಯ ಬಾಗಿಲಿಗೂ ಬರಬಹುದು.

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಸಣ್ಣ ಲೆಕ್ಕಪತ್ರ ಕಚೇರಿ ನಡೆಸುತ್ತಿದ್ದೇನೆ. ಇಲ್ಲಿ ಲ್ಯಾಂಡ್‌ಲೈನ್ ನಿಲ್ಲುತ್ತದೆ ಎಂದು ನೋಟಿಸ್ ಬಂದಿದೆ. ಹೊಸ ವ್ಯವಸ್ಥೆಯಲ್ಲಿ ಮೈಸೂರಿನಲ್ಲಿರುವ ನನ್ನ ಇಬ್ಬರು ಸಿಬ್ಬಂದಿ ಇಲ್ಲಿನ ಸಂಖ್ಯೆಯ ಕರೆಗಳನ್ನು ಅಲ್ಲಿಂದಲೇ ಸ್ವೀಕರಿಸಬಹುದೇ?
— ಓದುಗರು, ಬರ್ಮಿಂಗ್‌ಹ್ಯಾಮ್

ಉತ್ತರ: ಬ್ರಿಟನ್ನಿನಲ್ಲಿ ಹಳೆಯ ಫೋನ್ ಜಾಲವನ್ನು 2027ರ ಜನವರಿ 31ರೊಳಗೆ ಪೂರ್ತಿ ನಿಲ್ಲಿಸಲಾಗುತ್ತದೆ. ಅಲ್ಲಿ ನಿಮ್ಮ ಸಂಖ್ಯೆಯನ್ನು ಬೇರೆ ಕಂಪನಿಗೆ ಒಯ್ಯಬಹುದು. ಮೊದಲು ಹೊಸ ಕಂಪನಿಗೆ ಸಂಖ್ಯೆ ವರ್ಗಾವಣೆಯಾಗಿ, ಅದು ಖಚಿತವಾದ ಮೇಲಷ್ಟೇ ಹಳೆಯ ಕರಾರು ರದ್ದುಮಾಡಿ. ಮೊದಲೇ ರದ್ದುಮಾಡಿದರೆ ಸಂಖ್ಯೆ ಕಳೆದುಹೋಗಬಹುದು. ಕಳ್ಳಗಂಟೆ, ಲಿಫ್ಟಿನ ಫೋನು, ಕಾರ್ಡ್ ಯಂತ್ರ ಇವು ಹಳೆಯ ಲೈನನ್ನೇ ಬಳಸುತ್ತಿವೆಯೇ ಎಂದೂ ನೋಡಿಸಿ.

ಮೈಸೂರಿನ ಸಿಬ್ಬಂದಿಯ ವಿಷಯದಲ್ಲಿ ಶುಭ ಸುದ್ದಿ ಇದೆ. ಹಿಂದೆ ಇಂಥ ಕೆಲಸಕ್ಕೆ ಭಾರತದಲ್ಲಿ ನೋಂದಣಿ, ಬ್ಯಾಂಕ್ ಗ್ಯಾರಂಟಿ ಮುಂತಾದ ಕಟ್ಟುಪಾಡುಗಳಿದ್ದವು. 2020ರ ನವೆಂಬರ್‌ನಲ್ಲಿ ಅವನ್ನು ಸಡಿಲಿಸಿ, 2021ರ ಜೂನ್‌ನಲ್ಲಿ ಕಂಪನಿಯ ಇಪಿಎಬಿಎಕ್ಸ್ ಜಗತ್ತಿನ ಎಲ್ಲಿ ಬೇಕಾದರೂ ಇರಬಹುದು ಎಂದು ದೂರಸಂಪರ್ಕ ಇಲಾಖೆ ಹೇಳಿತು. ನಿಮ್ಮವರು ಮನೆಯ ಬ್ರಾಡ್‌ಬ್ಯಾಂಡ್ ಮೇಲೆ ಆ್ಯಪ್‌ನಲ್ಲಿ ಕರೆ ಸ್ವೀಕರಿಸಬಹುದು. ಆ ಕರೆಯನ್ನು ಅಲ್ಲಿಂದ ಭಾರತದ ಮೊಬೈಲಿಗೆ ವರ್ಗಾಯಿಸಬೇಕಾದಾಗ ಮಾತ್ರ ಪರವಾನಗಿ ಇರುವ ಕಂಪನಿಯ ದಾರಿಯನ್ನೇ ಬಳಸಬೇಕು.

ಪ್ರಶ್ನೆ: ನಮ್ಮ ಪಟ್ಟಣ ಸಹಕಾರ ಬ್ಯಾಂಕಿಗೆ ಒಬ್ಬರು ಬಂದು, ಸಾಲಗಾರರೊಡನೆ ಮಾತನಾಡಿದ್ದನ್ನೆಲ್ಲ ಕೃತಕ ಬುದ್ಧಿಮತ್ತೆ ಕನ್ನಡದಲ್ಲೇ ಬರೆದು ಸಾರಾಂಶ ಕೊಡುತ್ತದೆ ಎಂದು ತೋರಿಸಿದರು. ಇದನ್ನು ನಂಬಬಹುದೇ?
— ನಿರ್ದೇಶಕರೊಬ್ಬರು, ಶಿರಸಿ

ಉತ್ತರ: ಮೊದಲು ಕರೆಮಾಡುವ ಸಂಖ್ಯೆಯನ್ನು ಸರಿಮಾಡಿಕೊಳ್ಳಿ. ಬ್ಯಾಂಕುಗಳು ಗ್ರಾಹಕರಿಗೆ ಸೇವೆ ಮತ್ತು ವಹಿವಾಟಿನ ಕರೆಗಳನ್ನು 1600ರಿಂದ ಆರಂಭವಾಗುವ ಸಂಖ್ಯೆಗಳಿಂದಲೇ ಮಾಡಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ನವೆಂಬರ್‌ನಲ್ಲಿ ನಿರ್ದೇಶಿಸಿತು. ವಾಣಿಜ್ಯ ಬ್ಯಾಂಕುಗಳಿಗೆ 2026ರ ಜನವರಿ 1, ಸಹಕಾರ ಬ್ಯಾಂಕುಗಳಿಗೆ ಮಾರ್ಚ್ 1 ಗಡುವು. ಬ್ಯಾಂಕಿನ ಹೆಸರಿನಲ್ಲಿ ಹತ್ತಂಕಿಯ ಮೊಬೈಲ್‌ನಿಂದ ಬರುವ ಮೋಸದ ಕರೆಗಳಿಗೆ ಹಣ ಕಳೆದುಕೊಂಡವರು ಎಲ್ಲ ಊರುಗಳಲ್ಲೂ ಇದ್ದಾರೆ. ಈ ನಿಯಮವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಗ್ರಾಹಕರಿಗೆ ‘ನಮ್ಮ ಕರೆ 1600ರಿಂದ ಮಾತ್ರ ಬರುತ್ತದೆ’ ಎಂಬ ಫಲಕವನ್ನು ಕೌಂಟರಿನಲ್ಲಿ ತೂಗುಹಾಕಿ.

ಸಾರಾಂಶ ಬರೆಯುವ ಯಂತ್ರದ ವಿಷಯ. ಕನ್ನಡದ ದನಿಯನ್ನು ಅಕ್ಷರವಾಗಿಸುವ ಕೆಲಸ ಈಚೆಗೆ ಬಹಳ ಮುಂದುವರಿದಿದೆ. ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ಭಾಷಿಣಿ, ಜಿಲ್ಲೆ ಜಿಲ್ಲೆಗಳಿಂದ ಮಾತಿನ ಮಾದರಿ ಸಂಗ್ರಹಿಸುತ್ತಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆ ಇವೆಲ್ಲ ಅದಕ್ಕೆ ನೆರವಾಗಿವೆ. ಆದರೆ ನಿಮಗೆ ತೋರಿಸಿದ ಪ್ರದರ್ಶನದಲ್ಲಿ ಮಾತನಾಡಿದವರು ಶಾಂತ ಕೋಣೆಯಲ್ಲಿ ಪುಸ್ತಕದ ಕನ್ನಡ ಆಡಿರುತ್ತಾರೆ. ನಿಮ್ಮ ಸಾಲಗಾರರು ಹವ್ಯಕ ಮಾತಿನಲ್ಲಿ, ಕೊಂಕಣಿ ಬೆರೆಸಿ, ತೋಟದ ಪಂಪಿನ ಸದ್ದಿನ ನಡುವೆ ಮಾತನಾಡುತ್ತಾರೆ. ಅವರ ಒಪ್ಪಿಗೆ ಪಡೆದು ಇಪ್ಪತ್ತು ಕರೆಗಳನ್ನು ದಾಖಲಿಸಿ, ಯಂತ್ರದಿಂದ ಬರೆಸಿ, ನಿಮ್ಮ ಗುಮಾಸ್ತರಿಂದಲೂ ಬರೆಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಅದರಲ್ಲೂ ಮೊತ್ತಗಳನ್ನು ನೋಡಿ. ‘ಒಂದೂವರೆ’, ‘ಎರಡೂಕಾಲು’, ‘ಮುಕ್ಕಾಲು ಲಕ್ಷ’ ಎಂಬ ಮಾತುಗಳು ಅಂಕಿಗಳಾಗುವಾಗ ಏನಾಗುತ್ತವೆ, ‘ಅಡಿಕೆ ಕೊಯ್ಲಾದ ಮೇಲೆ ಕಟ್ತೆ’ ಎಂದದ್ದು ಸಾರಾಂಶದಲ್ಲಿ ಹಣ ಕಟ್ಟಿದ್ದಾರೆ ಎಂದಾಗಿದೆಯೇ ಎಂದು ಒಂದೊಂದಾಗಿ ಪರಿಶೀಲಿಸಿ. ಇಂಥ ಒಂದು ತಪ್ಪು ಸಿಕ್ಕರೂ ಸಾರಾಂಶವನ್ನು ಸಾಲದ ಕಡತಕ್ಕೆ ಸೇರಿಸಬೇಡಿ; ಸಿಬ್ಬಂದಿಯ ನೆನಪಿನ ಟಿಪ್ಪಣಿಯಾಗಿ ಮಾತ್ರ ಬಳಸಿ.

ಕಂಪನಿ ಆ ದನಿಗಳನ್ನು ಎಲ್ಲಿಡುತ್ತದೆ, ತನ್ನ ಯಂತ್ರಕ್ಕೆ ಕಲಿಸಲು ಬಳಸುತ್ತದೆಯೇ, ಕರಾರು ಮುಗಿದ ಎಷ್ಟು ದಿನದೊಳಗೆ ಅಳಿಸುತ್ತದೆ ಎಂಬುದನ್ನು ಕರಾರಿನಲ್ಲೇ ಬರೆಸಿ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಗೆ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳಲ್ಲಿ ಜಾರಿಗೆ ಬರುತ್ತವೆ. ಕರೆಯ ಆರಂಭದಲ್ಲಿ ಕೇಳಿಸುವ ಸೂಚನೆಯನ್ನು ಈಗಿನಿಂದಲೇ ಕನ್ನಡದಲ್ಲಿ ಇಡಿ. ಅದನ್ನು ನಿಮ್ಮ ಸಿಬ್ಬಂದಿಯಲ್ಲೇ ಒಬ್ಬರ ದನಿಯಲ್ಲಿ, ನಿಧಾನವಾಗಿ ಓದಿಸಿ: ‘ಈ ಕರೆಯನ್ನು ದಾಖಲಿಸಿಕೊಳ್ಳುತ್ತೇವೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಒಂದನ್ನು ಒತ್ತಿ, ದಾಖಲಿಸದೆಯೇ ಮಾತನಾಡುತ್ತೇವೆ.’ ಒಂದನ್ನು ಒತ್ತಿದಾಗ ದಾಖಲೆ ನಿಜವಾಗಿ ನಿಲ್ಲುತ್ತದೆಯೇ ಎಂದು ನೀವೇ ನಿಮ್ಮ ಮೊಬೈಲ್‌ನಿಂದ ಕರೆಮಾಡಿ, ಒತ್ತಿ ನೋಡಿ.